ನಿಧಾನದ ಸೈಕಲ್ ಪ್ರವಾಸ: ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಲಿ?

ಹಕ್ಕಿಜಾಡು:

ಎಲ್ಲರಿಗೂ ನಮಸ್ಕಾರ. ನನಗೆ ವಯಸ್ಸು ಐವತ್ತು ದಾಟಿದೆ. ನಗರದ ಅಂಚಿನ ಆಚೆ ಹೊಲಗಳು, ಒಂದೆರಡು ಕೆರೆಗಳು, ಅವುಗಳ ಹಿಂದೆ ಹಕ್ಕಿಗಳಿಗಾಗಿ ಕಾಯ್ದಿಟ್ಟ ಜೌಗು ಪ್ರದೇಶ, ಎಲ್ಲವೂ ಸೈಕಲ್ಲಿಗೆ ಎಟಕುವ ದೂರದಲ್ಲಿವೆ. ಇಷ್ಟು ದಿನ ಒಂದು ಸೈಕಲ್ ಗುಂಪಿನ ಜೊತೆ ಹೋಗುತ್ತಿದ್ದೆ. ಒಳ್ಳೆಯ ಜನ. ಆದರೆ ಅವರ ಮಾತೆಲ್ಲ ಸರಾಸರಿ ವೇಗದ ಸುತ್ತಲೇ. ನೀರಂಚಿನ ಕೊಂಬೆಯಲ್ಲಿ ಮಿಂಚುಳ್ಳಿ ಕೂತಿದ್ದರೂ ನಿಲ್ಲುವಂತಿಲ್ಲ. ಏರಿನಲ್ಲಿ ಸಣ್ಣ ಗಿಯರಿಗೆ ಇಳಿದರೆ, ಇನ್ನೂ ಅಭ್ಯಾಸ ಸಾಲದು ಎನ್ನುತ್ತಾರೆ.

ಇನ್ನು ಮುಂದೆ ತಂಗಿಯ ಜೊತೆ ಎರಡು ದಿನಗಳ ಸಣ್ಣ ಪ್ರವಾಸಗಳನ್ನು ಮಾಡಬೇಕೆಂದಿದ್ದೇನೆ. ನೋಡಬೇಕಾದದ್ದನ್ನು ನೋಡುತ್ತಾ, ಬೇಕೆಂದಲ್ಲಿ ನಿಲ್ಲುತ್ತಾ. ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳುವುದು ಸರಿ? ನನ್ನದು ಗಿಯರಿರುವ ಸಾಧಾರಣ ಸೈಕಲ್, ಟಯರಿನ ಅಗಲ 38 ಮಿಲಿಮೀಟರ್. ಬೇರೆ ಕೊಳ್ಳಬೇಕೆ? ಇನ್ನೊಂದು ತೊಂದರೆಯೆಂದರೆ, ಹಿಂತಿರುಗುವ ಹೊತ್ತಿಗೆ ಎರಡೂ ಮಂಡಿಗಳ ಮುಂಭಾಗ ನೋಯುತ್ತದೆ.

ಮಣ್ಣುದಾರಿ:

ಮೇಡಂ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಾನು ವರ್ಷಗಳಿಂದ ಹೀಗೆಯೇ ತಿರುಗುವವನು, ಬೇರೆ ರೀತಿಯಲ್ಲಿ ತಿರುಗಬೇಕೆಂದು ನನಗೆ ಅನಿಸಿಯೇ ಇಲ್ಲ.

ದೂರದ ಲೆಕ್ಕವನ್ನು ಕಿಲೋಮೀಟರಿನಿಂದ ಶುರುಮಾಡಬೇಡಿ, ಬೆಳಕಿನಿಂದ ಶುರುಮಾಡಿ. ಹಕ್ಕಿಗಳು ಚುರುಕಾಗಿರುವುದು ಬೆಳಗಿನ ಮೊದಲ ಎರಡು ಮೂರು ಗಂಟೆಗಳಲ್ಲಿ ಮತ್ತು ಹೊತ್ತು ಇಳಿಯುವಾಗ. ನೀವು ದಾರಿಯಲ್ಲಿರಬೇಕಾದದ್ದೂ ಆಗಲೇ. ಬೆಳಗಿನ ಒಂದು ಪಾಲು, ಸಂಜೆಯ ಒಂದು ಪಾಲು, ಎರಡೂ ಸೇರಿ ಆರೇಳು ಗಂಟೆ ಎಂದುಕೊಳ್ಳಿ. ಅದರಲ್ಲಿ ಅರ್ಧ ಹೊತ್ತು ಮಾತ್ರ ಚಕ್ರ ತಿರುಗುತ್ತದೆ, ಉಳಿದರ್ಧ ನಿಂತು ನೋಡುವುದಕ್ಕೆ. ಗಂಟೆಗೆ 12ರಿಂದ 15 ಕಿ.ಮೀ. ವೇಗದಲ್ಲಿ ಹೋದರೆ ದಿನಕ್ಕೆ 40 ಕಿ.ಮೀ. ಸುಲಭವಾಗಿ ಆಗುತ್ತದೆ. ಮಣ್ಣು, ಜಲ್ಲಿ ದಾರಿಯೇ ಹೆಚ್ಚಿದ್ದರೆ 30 ಸಾಕು. ಇದು ಕಡಿಮೆಯಾಯಿತು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎರಡು ದಿನದಲ್ಲಿ 80 ಕಿ.ಮೀ. ಸುತ್ತಿದರೆ ನಗರದ ಒಂದು ಮಗ್ಗುಲಿನ ಹೊಲ, ಹಳ್ಳ, ಕೆರೆಗಳೆಲ್ಲ ಪರಿಚಯವಾಗುತ್ತವೆ.

ಈ ವೇಗಕ್ಕೆ ದೇಹದ ಕಡೆಯಿಂದಲೂ ಒಂದು ಸಮರ್ಥನೆ ಇದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 15ರಿಂದ 30 ಕಿ.ಮೀ.ಗೆ ವೇಗ ಹೆಚ್ಚಿಸಿದರೆ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಕಾಲು ಕೊಡಬೇಕಾದ ಶಕ್ತಿ ಎಂಟು ಪಟ್ಟು. ನೆಟ್ಟಗೆ ಕೂತು 15ರ ಆಸುಪಾಸಿನಲ್ಲಿ ಹೋಗುವವರಿಗೆ ಗಾಳಿಯ ತಡೆಯೂ ಟಯರಿನ ಉರುಳು ತಡೆಯೂ ಹೆಚ್ಚುಕಡಿಮೆ ಸಮ. ಅಲ್ಲಿಂದ ಮೇಲೆ ನೀವು ದುಡಿಯುವುದು ಬಹುಪಾಲು ಗಾಳಿಯನ್ನು ತಳ್ಳುವುದಕ್ಕೆ. ಆ ದುಡಿಮೆ ಇಷ್ಟವಿರುವವರು ದುಡಿಯಲಿ. ನಮಗೆ ಉಸಿರೂ ಕಣ್ಣೂ ಬೇರೆ ಕೆಲಸಕ್ಕೆ ಬೇಕು.

ಇದೇ ಕಾರಣಕ್ಕೆ ಎದುರುಗಾಳಿ ಇರುವ ದಿನ ಹೊರಡುವಾಗಲೇ ಅದರ ಕಡೆಗೆ ಹೋಗಿ. ದಣಿದು ಮರಳುವಾಗ ಗಾಳಿ ಬೆನ್ನಿಗಿರುತ್ತದೆ. ರೈಲಿನಲ್ಲಿ ಸೈಕಲ್ ಒಯ್ಯಲು ಅವಕಾಶವಿರುವ ಕಡೆ ಇನ್ನೂ ಚೆನ್ನ: ಹೋಗುವುದು ರೈಲಿನಲ್ಲಿ, ಬರುವುದು ಸೈಕಲ್ಲಿನಲ್ಲಿ. ಆಗ ನಗರದ ಗದ್ದಲದ ರಸ್ತೆಯನ್ನು ಒಂದೇ ಸಲ ದಾಟಿದರಾಯಿತು.

ಸಣ್ಣ ಗಿಯರಿಗೆ ಇಳಿಯಲು ಹಿಂಜರಿಯಲೇಬೇಡಿ. ಗಿಯರ್ ಎಂದರೆ ಕೈಲಾಗದವರ ಊರುಗೋಲು ಎಂಬ ಭಾವನೆ ಹಳೆಯದು. 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟರೊಳಗೆ ಪ್ರವಾಸಿ ಸವಾರರು ಅದನ್ನು ಬಳಸಿ ಬೆಟ್ಟಗಳನ್ನೇ ದಾಟಿದ್ದರು. ಆ ಪ್ರವಾಸಿಗರಿಗೆ ಗುರುವಿನಂತಿದ್ದವರು ಫ್ರಾನ್ಸಿನ ಪಾಲ್ ದ ವಿವಿ, ‘ವೆಲೋಸಿಯೋ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು. ಸವಾರರಿಗೆ ಅವರು ಹಾಕಿಕೊಟ್ಟ ನಿಯಮಗಳಲ್ಲಿ ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂಬುದಿದೆ. ಒಣ ಪ್ರತಿಷ್ಠೆಗಾಗಿ ಎಂದೂ ಪೆಡಲ್ ತುಳಿಯಬಾರದು ಎಂಬುದೂ ಇದೆ. ಇವೆರಡನ್ನೂ ನಾನು ಚಾಚೂ ತಪ್ಪದೆ ಪಾಲಿಸುತ್ತೇನೆ. ಆದರೆ ಅವರದೇ ಇನ್ನೊಂದು ನಿಯಮ, ನಿಲ್ಲುವುದು ಅಪರೂಪವಾಗಿರಲಿ, ಚುಟುಕಾಗಿರಲಿ ಎನ್ನುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ದೂರ ಕ್ರಮಿಸುವವರಿಗೆ ಅದು ಸರಿ. ಮಿಂಚುಳ್ಳಿ ನೋಡಲು ಹೊರಟವರಿಗೆ ನಿಲ್ಲುವುದೇ ಪ್ರವಾಸ.

ಬೇರೆ ಸೈಕಲ್ ಬೇಡ. 38 ಮಿಲಿಮೀಟರ್ ಟಯರ್ ಈ ದಾರಿಗಳಿಗೆ ಹೇಳಿಮಾಡಿಸಿದ್ದು. ಗಾಳಿಯನ್ನು ಮಾತ್ರ ಕಲ್ಲಿನಂತೆ ತುಂಬಿಸಬೇಡಿ. ಟಯರಿನ ಮಗ್ಗುಲಲ್ಲಿ ಬರೆದಿರುವ ಮಿತಿಯೊಳಗೆ, ನಿಮ್ಮ ತೂಕ ನೋಡಿಕೊಂಡು ಗಾಳಿಯ ಒತ್ತಡವನ್ನು 45 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ಕಾಣುವ ಒತ್ತಡದ ಅಳತೆ) ಸುಮಾರಿಗೆ ಇಟ್ಟು ನೋಡಿ. ಜಲ್ಲಿಯ ಕುಲುಕಾಟ ಅಂಗೈಗೆ ಬರುವುದು ಎಷ್ಟೋ ಕಡಿಮೆಯಾಗುತ್ತದೆ. ಸಾಮಾನನ್ನು ಬೆನ್ನಿಗೆ ಹೊರಬೇಡಿ, ಹಿಂದಿನ ಕ್ಯಾರಿಯರಿನ ಎರಡೂ ಮಗ್ಗುಲಿಗೆ ಸಮನಾಗಿ, ಆದಷ್ಟು ತಗ್ಗಿನಲ್ಲಿ ಕಟ್ಟಿ. ದುರ್ಬೀನು ಮಾತ್ರ ಮುಂದಿನ ಚೀಲದಲ್ಲಿ, ಕೈಗೆ ಸಿಗುವಂತಿರಲಿ.

ಹಳೆಗಿಯರ್:

ಮಂಡಿಯ ಬಗ್ಗೆ ನಾನು ಹೇಳುತ್ತೇನೆ. ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದರ್ಥ; ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ ಎಂದರ್ಥ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ಒಮ್ಮೆಗೇ ಬಹಳ ಏರಿಸಬೇಡಿ, ಐದೈದು ಮಿಲಿಮೀಟರ್ ಏರಿಸಿ ನಾಲ್ಕಾರು ದಿನ ಓಡಿಸಿ ನೋಡಿ. ಭಾರದ ಗಿಯರಿನಲ್ಲಿ ನಿಧಾನ ತುಳಿಯುವುದೂ ಮಂಡಿಗೆ ಕೆಟ್ಟದ್ದು. ಇಷ್ಟಾದರೂ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಹಕ್ಕಿಜಾಡು:

ಇಬ್ಬರಿಗೂ ಧನ್ಯವಾದ. ಸೀಟು ನೋಡಿದೆ, ನಿಜಕ್ಕೂ ಬಹಳ ತಗ್ಗಿನಲ್ಲಿದೆ. ಇನ್ನೆರಡು ಸಂಗತಿ ಹೇಳಿ. ಸಂರಕ್ಷಿತ ಪ್ರದೇಶದೊಳಗೆ ಸೈಕಲ್ಲಿನವರು ಹೇಗೆ ನಡೆದುಕೊಳ್ಳಬೇಕು? ಪಂಕ್ಚರ್ ಆದರೆ ನಾವಿಬ್ಬರೇ ನಿಭಾಯಿಸಬಲ್ಲೆವೆ? ತಂಗಿಗೆ ಅದೇ ಅಂಜಿಕೆ.

ಮಣ್ಣುದಾರಿ:

ಒಳಗೆ ಸೈಕಲ್ಲಿಗೆ ಅನುಮತಿ ಇದೆಯೇ, ಯಾವ ದಾರಿಯಲ್ಲಿ, ಯಾವ ತಿಂಗಳುಗಳಲ್ಲಿ, ಇಷ್ಟನ್ನು ಮೊದಲೇ ವಿಚಾರಿಸಿ. ಮರಿಮಾಡುವ ಕಾಲದಲ್ಲಿ ಕೆಲವು ದಾರಿಗಳನ್ನು ಮುಚ್ಚುವುದುಂಟು. ಮುಚ್ಚಿದ್ದರೆ ಹೊರಗೇ ಸುತ್ತಿ, ವಾದ ಬೇಡ.

ಸೈಕಲ್ ಸದ್ದು ಮಾಡುವುದಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಪ್ರಾಣಿಗಳ ಕಡೆಯಿಂದ ನೋಡಿದರೆ ಅದೇ ತೊಂದರೆ. ನಡೆದು ಬರುವವರು ದೂರದಿಂದಲೇ ಗೊತ್ತಾಗುತ್ತಾರೆ. ಸೈಕಲ್ ಸದ್ದಿಲ್ಲದೆ ಬೇಗ ಬಂದು ಮೈಮೇಲೆ ಎರಗಿದಂತಾಗುತ್ತದೆ. ಆದ್ದರಿಂದ ತಿರುವುಗಳಲ್ಲಿ, ಪೊದೆ ಒತ್ತಾಗಿರುವಲ್ಲಿ ನಡಿಗೆಯ ವೇಗಕ್ಕೆ ಇಳಿಯಿರಿ, ತಂಗಿಯ ಜೊತೆ ಮೆಲುದನಿಯಲ್ಲಿ ಮಾತಾಡುತ್ತಿರಿ.

ದಾರಿ ಬಿಟ್ಟು ಒಂದಡಿಯೂ ಇಳಿಯಬೇಡಿ. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ಬಯಲಿನ ನೆಲದಲ್ಲಿ ಚಿಕ್ಕ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ; ಬೆಣಚುಕಲ್ಲುಗಳ ನಡುವೆ ಕಣ್ಣಿಗೆ ಬೀಳುವುದೇ ಇಲ್ಲ. ಹಕ್ಕಿ ಕಿರುಚುತ್ತಾ ನಿಮ್ಮ ತಲೆಯ ಮೇಲೆ ಸುತ್ತತೊಡಗಿದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ. ಆ ಹೊತ್ತಿನಲ್ಲಿ ಚಿತ್ರ ತೆಗೆಯಲು ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಾಯಿಹಕ್ಕಿ ದೂರವಿದ್ದಷ್ಟು ಹೊತ್ತು ಮೊಟ್ಟೆ ಬಿಸಿಲಿಗೂ ಕಾಗೆಗೂ ಬಿಟ್ಟಂತೆ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಕರೆಯುವುದೂ ಬೇಡವೇ ಬೇಡ.

ಒಂದು ಜೌಗಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಟಯರಿನ ಕೆಸರು ತೊಳೆದು ಒಣಗಿಸಿ. ಹೊರಗಿನ ಕಳೆಗಳ ಬೀಜ ಪ್ರಯಾಣ ಮಾಡುವುದು ಆ ಕೆಸರಿನಲ್ಲೇ.

ಪಂಕ್ಚರಿಗೆ ಅಂಜಬೇಡಿ. ಒಂದು ಹೊಸ ಟ್ಯೂಬು, ತೇಪೆ ಸಾಮಾನು, ಟಯರ್ ಬಿಚ್ಚುವ ಎರಡು ಪಟ್ಟಿ, ಚಿಕ್ಕ ಪಂಪು, ಚಕ್ರ ನಟ್ಟಿನದಾದರೆ ಅದರ ಪಾನ, ಇಷ್ಟು ಸಾಕು. ಈಗಲೇ ಮನೆಯಲ್ಲಿ ಕೂತು ಟಯರಿನ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಹೊಂದಿಸಿಡಿ. ಪಂಕ್ಚರ್ ಆದಾಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ಗೇಣು ದೂರವಿದೆ ನೋಡಿ, ಹೆಸರಿನಿಂದ ಎರಡೂ ಕಡೆಗೆ ಅಷ್ಟೇ ದೂರದಲ್ಲಿ ಟಯರಿನಲ್ಲಿ ಹುಡುಕಿದರೆ ಮುಳ್ಳು ಸಿಗುತ್ತದೆ. ಸಿಕ್ಕ ಮೇಲೂ ಟಯರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಒಂದು ಸುತ್ತು ಸವರಿ. ಮುಳ್ಳಿನ ಮುರಿದ ತುದಿ ಒಳಗೇ ಉಳಿದಿದ್ದರೆ ಹೊಸ ಟ್ಯೂಬೂ ಅರ್ಧ ಗಂಟೆಯಲ್ಲಿ ಚಪ್ಪಟೆಯಾಗುತ್ತದೆ. ಹಿಂದಿನ ಚಕ್ರ ಬಿಚ್ಚುವ ಮುನ್ನ ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದುಕೊಳ್ಳಿ, ಮರಳಿ ಕೂರಿಸುವುದು ಸುಲಭ. ಹೊರಡುವ ಮೊದಲು ಇಬ್ಬರೂ ಮನೆಯಲ್ಲೇ ಒಂದೊಂದು ಸಲ ಬಿಚ್ಚಿ ಕೂರಿಸಿ ನೋಡಿ.