ಆವರ್ತ ಕೋಷ್ಟಕದ ‘ಆವರ್ತ’ವನ್ನು ‘ಪಾಳಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಒಂದು ಪದದ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಹೋದ ವಾರ ಗೋಡೆಗೆ ಧಾತುಗಳ ಚಾರ್ಟ್, ಅಂದರೆ ಆವರ್ತ ಕೋಷ್ಟಕ, ತೂಗುಹಾಕಿ ಪಾಠ ಶುರು ಮಾಡಿದೆ. ಅಡ್ಡ ಸಾಲು ಆವರ್ತ, ಮೇಲಿಂದ ಕೆಳಗೆ ಇಳಿಯೋದು ಗುಂಪು, ಒಟ್ಟು 7 ಆವರ್ತ, 18 ಗುಂಪು ಅಂತ ಬೋರ್ಡಿನ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಸರ್, ಆವರ್ತ ಅಂದ್ರ ಏನ್ರಿ?”

“ಮತ್ತೆ ಮತ್ತೆ ಬರೋದಮ್ಮ.”

ಅವಳು ಚಾರ್ಟನ್ನೇ ನೋಡುತ್ತಾ ನಿಂತಳು. “ಯಾವ್ದೂ ಎರಡು ಸಲ ಬಂದಿಲ್ಲಲ್ರಿ. ಸೋಡಿಯಂ ಒಂದ ಕಡೆ ಐತಿ.”

ಪ್ರಶ್ನೆ ಸರಿಯಾಗೇ ಇದೆ, ಅಲ್ವಾ? 118 ಧಾತುಗಳಿಗೂ ಒಂದೊಂದೇ ಮನೆ. ಮತ್ತೆ ಬರೋದು ಧಾತು ಅಲ್ಲ, ಅದರ ಗುಣ. 3ನೇ ಮನೆಯ ಲಿಥಿಯಂ ನೀರಿಗೆ ಬಿದ್ದರೆ ಬುಸುಗುಡುತ್ತದೆ. ಎಂಟು ಮನೆ ದಾಟಿ 11ಕ್ಕೆ ಬಂದರೆ ಸೋಡಿಯಂ, ಅದೇ ಆಟ ಇನ್ನೂ ಜೋರು. ಮತ್ತೆ ಎಂಟು ದಾಟಿದರೆ 19, ಪೊಟ್ಯಾಸಿಯಂ. ಅದು ನೀರು ಮುಟ್ಟಿದ ತಕ್ಷಣ ತಿಳಿ ನೇರಳೆ ಬಣ್ಣದಲ್ಲಿ ಹೊತ್ತಿಕೊಳ್ಳುತ್ತದೆ. ಇದನ್ನೆಲ್ಲ ಹೇಳಿದೆ. ತಲೆ ಆಡಿಸಿದರು, ಆದರೆ ಮುಖದಲ್ಲಿ ಬೆಳಕು ಬರಲಿಲ್ಲ. ಮಕ್ಕಳಿಗೆ ‘ಪುನರಾವರ್ತನೆ’ ಗೊತ್ತು, ಅದೂ ಪರೀಕ್ಷೆ ಹತ್ತಿರ ಬಂದಾಗ ಮೇಷ್ಟ್ರು ಹಳೇ ಪಾಠ ಮತ್ತೆ ತೆಗೆಯುವುದು ಅಂತ. ಬರೀ ‘ಆವರ್ತ’ ಅಂದರೆ ಅವರಿಗೆ ಅದು ಯಾವುದೋ ಊರಿನ ಮಾತು.

ಆಗ ಸುಮ್ನೆ ಬಾಯಿಗೆ ಬಂತು: “ಕಾಲುವೆ ನೀರು ನಿಮ್ಮ ಹೊಲಕ್ಕೆ ಪಾಳಿ ಮೇಲೆ ಬರಲ್ವಾ? ಹಾಗೆ ಈ ಗುಣದ ಪಾಳಿ ತಿರುಗಿ ಬರುತ್ತೆ.” ಇಡೀ ಕ್ಲಾಸು “ಓ” ಅಂತು. ತುಂಗಭದ್ರಾ ಎಡದಂಡೆ ಕಾಲುವೆಯ ಮಕ್ಕಳಿಗೆ ಪಾಳಿ ಬಿಡಿಸಿ ಹೇಳಬೇಕಾಗಿಲ್ಲ. ಪಾಳಿ ತಪ್ಪಿದರೆ ಮನೆಯಲ್ಲಿ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಆವತ್ತಿನಿಂದ ಈ ಪದವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ನಮ್ಮ ಕಡೆ ಪಾಳಿಗೆ ಎರಡು ಅರ್ಥ ನಡೆಯುತ್ತವೆ. ಒಂದು ಸರದಿ, ತಿರುಗಿ ಬರುವ ಬಾರಿ. ಇನ್ನೊಂದು ಸಾಲು. ರೇಷನ್ ಅಂಗಡಿ ಮುಂದೆ ‘ಪಾಳಿ ಹಚ್ಚಿ’ ಅಂದರೆ ಸಾಲಾಗಿ ನಿಲ್ಲಿ ಅಂತಲೇ. ಚಾರ್ಟಿನಲ್ಲಿ ಆವರ್ತ ಮಾಡುವ ಕೆಲಸವೂ ಇವೆರಡೇ. ಕಣ್ಣಿಗೆ ಅದು ಒಂದು ಅಡ್ಡ ಸಾಲು, ಅರ್ಥದಲ್ಲಿ ಗುಣಗಳ ಒಂದು ಸುತ್ತು. ‘ಆವರ್ತ’ದಲ್ಲಿ ಸುತ್ತು ಇದೆ, ಸಾಲು ಇಲ್ಲ. ‘ಪಾಳಿ’ಯಲ್ಲಿ ಎರಡೂ ಇವೆ.

ಒಂದು ತೊಡಕಿದೆ. ನಾನು ಹುಟ್ಟಿ ಬೆಳೆದದ್ದು ಹಟ್ಟಿಯಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿದ್ದರು. ಅಲ್ಲಿ ಪಾಳಿ ಅಂದರೆ ಶಿಫ್ಟು. ಬೆಳಗಿನ ಪಾಳಿ, ರಾತ್ರಿ ಪಾಳಿ, ಎಲ್ಲಕ್ಕೂ ಅಷ್ಟೇ ತಾಸು. ಆದರೆ ಚಾರ್ಟಿನ ಸಾಲುಗಳು ಒಂದೇ ಉದ್ದ ಇಲ್ಲ. ಮೊದಲನೆಯದರಲ್ಲಿ ಬರೀ 2 ಧಾತು, ಆಮೇಲೆ 8, 8, 18, 18, 32, 32. ಗಣಿಯ ಲೆಕ್ಕವನ್ನೇ ಹಿಡಿದರೆ ಮಕ್ಕಳು ತಪ್ಪು ತಿಳಿಯಬಹುದು. ಕಾಲುವೆಯ ಪಾಳಿಗೆ ಈ ತೊಂದರೆ ಇಲ್ಲ. ಹೊಲ ದೊಡ್ಡದಿದ್ದರೆ ನೀರಿನ ಪಾಳಿಯೂ ಉದ್ದ. ತಬಲಾ ಬಾರಿಸುವ ಗೆಳೆಯರೊಬ್ಬರು “ನಮ್ಮ ತಾಳದ ಆವರ್ತನ ಇದೆಯಲ್ಲ, ಅದನ್ನೇ ಹೇಳು” ಅಂದರು. ಅಲ್ಲೂ ಅದೇ ಕಥೆ, ತಾಳದ ಸುತ್ತು ಅಳತೆ ಬದಲಿಸುವುದಿಲ್ಲ.

ಹಟ್ಟಿಯ ಚಿನ್ನದಿಂದಲೇ ಇದನ್ನು ತೋರಿಸಬಹುದು. (ನಮ್ಮ ಮಕ್ಕಳ ಬಾಯಲ್ಲಿ ಅದು ಬಂಗಾರ. ಗಣಿಯ ಹೆಸರಿನಲ್ಲಿ ಮಾತ್ರ ಚಿನ್ನ.) ಚಾರ್ಟಿನಲ್ಲಿ ತಾಮ್ರ, ಬೆಳ್ಳಿ, ಚಿನ್ನ ಒಂದರ ಕೆಳಗೊಂದು ಕೂತಿವೆ: 29, 47, 79. ತಾಮ್ರದಿಂದ ಬೆಳ್ಳಿಗೆ 18 ಮನೆ. ಬೆಳ್ಳಿಯಿಂದ ಚಿನ್ನಕ್ಕೆ 32. ಒಂದೇ ಬಗೆಯ ಲೋಹಗಳು, ಆದರೆ ಚಿನ್ನದ ಪಾಳಿ ಬರೋಕೆ ಜಾಸ್ತಿ ಕಾಯಬೇಕು.

ಪಾಳಿ ನನಗೆ ಹಿಡಿಸಲು ಇನ್ನೊಂದು ಕಾರಣ ಮೆಂಡಲೀವ್. 1869ರಲ್ಲಿ ರಷ್ಯಾದ ಈ ಮೇಷ್ಟ್ರು ಆಗ ಗೊತ್ತಿದ್ದ 63 ಧಾತುಗಳನ್ನು ತೂಕದ ಪ್ರಕಾರ ಪಾಳಿ ಹಚ್ಚಿದರು. (ಪರಮಾಣು ಸಂಖ್ಯೆಯ ಪ್ರಕಾರ, ಅಂದರೆ ಈಗಿನ ಚಾರ್ಟಿನ ಮನೆ ನಂಬರಿನ ಪ್ರಕಾರ, ನಿಲ್ಲಿಸಬೇಕು ಅನ್ನೋದು ಇಂಗ್ಲೆಂಡಿನ ವಿಜ್ಞಾನಿ ಮೋಸ್ಲಿ ಅವರ 1913ರ ಕೆಲಸದಿಂದ ಗಟ್ಟಿಯಾಯಿತು.) ಗುಣ ಹೊಂದದ ಕಡೆ ಇನ್ನೊಂದನ್ನು ತುರುಕದೆ ಜಾಗ ಖಾಲಿ ಬಿಟ್ಟರು. ಯೂರಿಯಾ ಬಂದಾಗ ಸೊಸೈಟಿ ಮುಂದೆ ಜನ ಚಪ್ಪಲಿ ಬಿಟ್ಟು ಪಾಳಿ ಹಿಡಿಯುತ್ತಾರಲ್ಲ, ಹಾಗೆ. ಮನುಷ್ಯ ಇಲ್ಲ, ಜಾಗ ಅವನದೇ. ಅಲ್ಯೂಮಿನಿಯಂ ಕೆಳಗಿನ ಖಾಲಿ ಜಾಗದ ಧಾತುವಿನ ಸಾಂದ್ರತೆ 5.9 ಇರಬೇಕು ಅಂದಿದ್ದರು. 1875ರಲ್ಲಿ ಗ್ಯಾಲಿಯಂ ಸಿಕ್ಕಿತು, ಸಾಂದ್ರತೆ 5.9. ಸಿಲಿಕಾನ್ ಕೆಳಗಿನ ಜಾಗಕ್ಕೆ 1886ರಲ್ಲಿ ಜರ್ಮೇನಿಯಂ ಬಂತು. ನಮ್ಮ ಪಕ್ಕದ ಸಂಡೂರಿನಲ್ಲಿ ಅಗೆಯುವ ಮ್ಯಾಂಗನೀಸ್ ಇದೆಯಲ್ಲ, ಅದರ ಕೆಳಗಿನ ಮನೆಯವನು, ಟೆಕ್ನೀಷಿಯಂ, ಪತ್ತೆಯಾದದ್ದು 1937ರಲ್ಲಿ. ಅಲ್ಲಿವರೆಗೂ ಚಪ್ಪಲಿ ಕಾಯುತ್ತಿತ್ತು.

ಪದದ ಹುಚ್ಚಿರುವವರಿಗೆ ಇದೂ ಇಷ್ಟವಾಗಬಹುದು: ಆ ಖಾಲಿ ಮನೆಗಳಿಗೆ ಮೆಂಡಲೀವ್ ಇಟ್ಟ ಹೆಸರು ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್, ಏಕ-ಮ್ಯಾಂಗನೀಸ್. ನಮ್ಮ ಒಂದು, ಎರಡರ ಸಂಸ್ಕೃತದ ‘ಏಕ’ವೇ ಅದು.

ಪರೀಕ್ಷೆಯಲ್ಲಿ ಪಾಳಿ ಅಂತ ಬರೆದರೆ ಮಾರ್ಕ್ಸ್ ಹೋಗುತ್ತೆ, ಗೊತ್ತಿದೆ. ಉತ್ತರ ಪತ್ರಿಕೆಯಲ್ಲಿ ಆವರ್ತವೇ ಇರಲಿ ಅಂತ ಮಕ್ಕಳಿಗೂ ಹೇಳಿದ್ದೇನೆ. ಗುಂಪು ಅನ್ನೋ ಪದಕ್ಕೆ ನನ್ನ ತಕರಾರಿಲ್ಲ. ನನಗೆ ತಿಳಿಯಬೇಕಾದದ್ದು ಇಷ್ಟು. ಮೈಸೂರು, ಮಂಗಳೂರು ಕಡೆಯವರಿಗೆ ಪಾಳಿ ಅಂದರೆ ಶಿಫ್ಟು ಮಾತ್ರವೋ, ಸಾಲು ಅನ್ನುವ ಅರ್ಥವೂ ಉಂಟೋ? ಅಲ್ಲಿನ ಮಕ್ಕಳಿಗೆ ‘ಸರದಿ’ ಹೆಚ್ಚು ಹತ್ತಿರವೇ? ಹಳಗನ್ನಡ ಓದಿಕೊಂಡವರು ಈ ಎರಡು ಅರ್ಥಗಳಲ್ಲಿ ಯಾವುದು ಮೊದಲಿನದು ಅಂತ ತಿಳಿಸಿದರೆ ಉಪಕಾರ. ಇಡೀ ಚಾರ್ಟಿಗೆ ‘ಪಾಳಿಪಟ್ಟಿ’ ಅನ್ನೋಣ ಅಂತ ಅಪ್ಪನಿಗೆ ಹೇಳಿದರೆ ಅವರು ನಕ್ಕುಬಿಟ್ಟರು. “ಅದು ಯಾರಿಗೆ ಯಾವಾಗ ಡ್ಯೂಟಿ ಅಂತ ಗೇಟಿನ ಹತ್ತಿರ ಹಚ್ಚತಿದ್ರಲ್ಲೋ” ಅಂದರು. ಅದಕ್ಕೆ ಬೇರೆ ಏನಾದರೂ ಹೊಳೆದರೆ ಹೇಳಿ.