ಉದ್ದನೆಯ ಹೆವಿವೇಯ್ಟ್ ಮುಂದೆ ಕುಳ್ಳ ಬಾಕ್ಸರ್: 'ಒಳಗೆ ನುಗ್ಗು' ಅಂದರೆ ನಿಜಕ್ಕೂ ಏನು?

ರಿಂಗ್_ಬದಿ:
ಬಾಕ್ಸರ್ ಒಲೆಕ್ಸಾಂಡರ್ ಉಸಿಕ್ 6 ಅಡಿ 3 ಇಂಚು, ಟೈಸನ್ ಫ್ಯೂರಿ 6 ಅಡಿ 9. ರೀಚ್, ಅಂದರೆ ಚಾಚಿದ ಕೈಗಳ ಉದ್ದ, 78 ಇಂಚಿಗೆ 85. ಆದರೂ 2024ರ ಮೇ ಮತ್ತು ಡಿಸೆಂಬರ್‌ನಲ್ಲಿ, ಎರಡು ಸಲವೂ ಉಸಿಕ್‌ನೇ ಗೆದ್ದ. ಅಷ್ಟೇ ಎತ್ತರದ ಡೇವಿಡ್ ಹೇಯ್‌ಗೆ 2011ರಲ್ಲಿ ಉದ್ದನೆಯ ವ್ಲಾಡಿಮಿರ್ ಕ್ಲಿಚ್‌ಕೊ ಹತ್ತಿರ ಸುಳಿಯಲೂ ಆಗಲಿಲ್ಲ. ಕುಳ್ಳಗಿರುವವನು ಒಳಗೆ ನುಗ್ಗಬೇಕು ಅಂತ ಎಲ್ಲರೂ ಹೇಳ್ತಾರೆ. ನುಗ್ಗೋದು ಹೇಗೆ, ನುಗ್ಗಿದ ಮೇಲೆ ಏನು ಮಾಡೋದು ಅಂತ ಯಾರೂ ಬಿಡಿಸಿ ಹೇಳಲ್ಲ. ತಿಳಿದವರು ಹೇಳಿ. (6 ಅಡಿ 3 ಇಂಚಿನವನನ್ನು ಕುಳ್ಳ ಅನ್ನೋದು ಈ ಆಟದಲ್ಲಿ ಮಾತ್ರ, ಗೊತ್ತು.)

ಎಡಹುಕ್:
ಮೊದಲು ರೀಚ್ ಲೆಕ್ಕ ಸರಿ ಮಾಡಿಕೊಳ್ಳಿ. ಎರಡೂ ಕೈ ಚಾಚಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯೋದು ರೀಚ್, ಎದೆಯ ಅಗಲವೂ ಅದರಲ್ಲೇ ಸೇರಿದೆ. 7 ಇಂಚು ವ್ಯತ್ಯಾಸ ಅಂದರೆ ಒಂದು ಕೈಗೆ ಮೂರೂವರೆ ಇಂಚು, ಅಷ್ಟೇ. ನಿಜವಾದ ತೊಂದರೆ ಬೇರೆ ಇದೆ. ಉದ್ದನೆಯವನು ಪಾದ ಕದಲಿಸದೆ ಸೊಂಟದಿಂದ ಹಿಂದಕ್ಕೆ ವಾಲಿದರೆ ತಲೆ ಒಂದಡಿಯ ಹತ್ತಿರ ದೂರ ಹೋಗುತ್ತೆ. ನಿಮ್ಮ ಏಟು ಗಾಳಿಗೆ ಬೀಳುತ್ತೆ, ನೀವು ಮುಗ್ಗರಿಸ್ತೀರಿ, ಅವನು ಮತ್ತೆ ನೆಟ್ಟಗಾಗಿ ಹೊಡೀತಾನೆ.

ಹಾಗಾಗಿ ಮೊದಲ ಮೂರ್ನಾಲ್ಕು ರೌಂಡ್ ತಲೆಯನ್ನು ಮರೆತುಬಿಡಿ. ತಲೆ ವಾಲುತ್ತೆ, ಹೊಟ್ಟೆ ವಾಲಲ್ಲ. ಮೊಣಕಾಲು ಬಗ್ಗಿಸಿ ಎದೆಗೂಡಿನ ಕೆಳಗೆ ಜ್ಯಾಬ್ (ಮುಂದಿನ ಕೈಯ ನೇರ ಏಟು) ಹಾಕಿ. ನಾಲ್ಕೈದು ಸಲ ಬಿದ್ದ ಮೇಲೆ ಅವನ ಮೊಣಕೈ ತಾನಾಗಿ ಕೆಳಗಿಳಿಯುತ್ತೆ. ಆಮೇಲೆ ಅದೇ ಜ್ಯಾಬ್ ಹಾಕುವಂತೆ ನಟಿಸಿ, ಭುಜದ ಮೇಲಿಂದ ಬೀಸುವ ಹಿಂದಿನ ಕೈಯ ಓವರ್‌ಹ್ಯಾಂಡ್ ಕೊಡಿ. ಮೊದಲ ರೌಂಡಿನಿಂದಲೇ ಮೇಲಕ್ಕೆ ಹೊಡೆಯೋಕೆ ಹೋದರೆ ಭುಜ ಬೇಗ ಸೋಲುತ್ತೆ, ಏಟಿನಲ್ಲಿ ಸೊಂಟದ ಬಲವೂ ಇರಲ್ಲ.

ಇಬ್ಬರೂ ಎಡಗೈ ಮುಂದಿಟ್ಟು ನಿಂತಿದ್ದರೆ, ಜ್ಯಾಬ್ ತಪ್ಪಿಸೋಕೆ ತಲೆಯನ್ನು ನಿಮ್ಮ ಬಲಕ್ಕೆ, ಅಂದರೆ ಅವನ ಎಡಗೈಯ ಹೊರಬದಿಗೆ ಜಾರಿಸಿ. ಅಲ್ಲಿಗೆ ಅವನ ಬಲಗೈ ಸುಲಭವಾಗಿ ಎಟುಕಲ್ಲ. ಆಗ ತೂಕ ಬಲಗಾಲಿನ ಮೇಲೆ ಕೂತಿರುತ್ತೆ, ಬಲಗೈ ಪಕ್ಕೆಗೆ, ಅದರ ಬೆನ್ನಿಗೇ ಎಡ ಹುಕ್ (ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಏಟು). ಎಡಕ್ಕೆ ಜಾರಿಸಿದರೆ ನೇರ ಅವನ ಬಲಗೈ ಮುಂದೆ ಹೋಗಿ ನಿಂತ ಹಾಗೆ.

ಉಸಿಕ್ ಸೌತ್‌ಪಾ, ಅಂದರೆ ಬಲಗೈ, ಬಲಗಾಲು ಮುಂದಿಟ್ಟು ನಿಲ್ಲುವವನು, ಅವನ ಲೆಕ್ಕ ಬೇರೆ. ಬಲಪಾದವನ್ನು ಫ್ಯೂರಿಯ ಎಡಪಾದದ ಹೊರಗಿಡ್ತಾನೆ, ಆಗ ಅವನ ಎಡಗೈ ನೇರ ಗದ್ದದ ಸಾಲಿಗೆ ಬರುತ್ತೆ. ಮೇ ಪಂದ್ಯದ 9ನೇ ರೌಂಡ್ ಇನ್ನೊಮ್ಮೆ ನೋಡಿ. ಹಗ್ಗ ಇರದಿದ್ದರೆ ಫ್ಯೂರಿ ನೆಲಕ್ಕೆ ಬೀಳ್ತಿದ್ದ, ರೆಫರಿ ಅದನ್ನು ಬಿದ್ದ ಲೆಕ್ಕಕ್ಕೇ ಹಿಡಿದು ಕೌಂಟ್ ಕೊಟ್ಟ.

ಮೂಲೆ_ಸ್ಟೂಲ್:
ಮೇಲಿನದೆಲ್ಲ ಸರಿ. ಆದರೆ ಹೇಯ್ ಸೋತಿದ್ದು ಜ್ಯಾಬ್ ಒಂದರಿಂದಲೇ ಅಲ್ಲ. ಕ್ಲಿಚ್‌ಕೊ ಜ್ಯಾಬ್ ಮತ್ತು ಹಿಡಿತ ಒಟ್ಟೊಟ್ಟಿಗೆ ಬಳಸ್ತಿದ್ದ. ಹತ್ತಿರ ಬಂದವನ ಕುತ್ತಿಗೆ ಮೇಲೆ ಕೈ ಹಾಕಿ, ಮೈಭಾರ ಬಿಟ್ಟು ಒರಗೋದು. ನೂರು ಕಿಲೋಗೂ ಹೆಚ್ಚಿನ ಮೈ ಪ್ರತಿ ಸಲ ಬೆನ್ನ ಮೇಲೆ ಬಿದ್ದರೆ ಆರನೇ ರೌಂಡ್ ಹೊತ್ತಿಗೆ ಕಾಲು ಕಲ್ಲಾಗುತ್ತೆ. 2013ರಲ್ಲಿ ಮಾಸ್ಕೋದಲ್ಲಿ ಪೊವೆಟ್ಕಿನ್‌ಗೆ ಆಗಿದ್ದೂ ಅದೇ. ನಾಲ್ಕು ನಾಕ್‌ಡೌನ್, ಮೂವರು ಜಡ್ಜ್‌ಗಳಲ್ಲೂ ಕ್ಲಿಚ್‌ಕೊ ಪರ 119-104. ರೆಫರಿ ಕ್ಲಿಚ್‌ಕೊನ ಪಾಯಿಂಟ್ ಕಿತ್ತಿದ್ದು 11ನೇ ರೌಂಡಿನಲ್ಲಿ, ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಕ್ಲಿಂಚ್‌ನಲ್ಲಿ, ಅಂದರೆ ಹೀಗೆ ಹಿಡಿದು ನಿಂತಾಗ, ಮಾಡಬೇಕಾದ್ದು: ಹಣೆಯನ್ನು ಅವನ ಗದ್ದದ ಕೆಳಗೆ, ಎದೆಗೆ ಒತ್ತಿಡಿ (ಮೇಲಕ್ಕೆ ಕುಕ್ಕಿದರೆ ಫೌಲ್). ಬೆನ್ನು ಬಗ್ಗಿಸಬೇಡಿ, ಬಗ್ಗಿದ ಕುತ್ತಿಗೆಗೇ ಅವನು ಜೋತುಬೀಳೋದು. ಒಂದು ಮುಂಗೈಯನ್ನು ಅವನ ತೋಳಿನ ಒಳಬದಿಗೆ ತೂರಿಸಿ, ಆಗ ಅವನ ಕೈ ಕುತ್ತಿಗೆವರೆಗೆ ಬರಲ್ಲ. ಇನ್ನೊಂದು ಕೈ ಬಿಡುವಾಗಿರುತ್ತಲ್ಲ, ಅದರಿಂದ ಪಕ್ಕೆಗೆ ಸಣ್ಣ ಸಣ್ಣ ಏಟು ಹಾಕ್ತಾನೇ ಇರಿ. ರೆಫರಿ 'ಬ್ರೇಕ್' ಅಂತ ಕೂಗೋವರೆಗೆ ಕೆಲಸ ನಿಲ್ಲಬಾರದು. ಸುಮ್ಮನಾದರೆ ರೆಫರಿ ಕಣ್ಣಿಗೆ ಇಬ್ಬರೂ ಹಿಡಿದುಕೊಂಡ ಹಾಗೆ ಕಾಣುತ್ತೆ, ಅವನಿಗೆ ಎಚ್ಚರಿಕೆಯೂ ಸಿಗಲ್ಲ.

ಬಿಡಿಸಿಕೊಂಡು ನೇರ ಹಿಂದಕ್ಕೆ ಸರಿಯಬೇಡಿ, ಅದು ಅವನ ಬಲಗೈಗೆ ಹೇಳಿಮಾಡಿಸಿದ ದೂರ. ಪಕ್ಕಕ್ಕೆ ಒಂದು ಹೆಜ್ಜೆ ಹಾಕಿ ಆಮೇಲೆ ಹೊರಗೆ ಬನ್ನಿ.

ಹಳೇ_ಗ್ಲೌಸ್:
ಒಳಗೆ ನುಗ್ಗು ಅನ್ನೋದೇ ಎಲ್ಲರಿಗೂ ಹೊಂದುವ ಮದ್ದಲ್ಲ. 2009ರಲ್ಲಿ ಇದೇ ಹೇಯ್ 7 ಅಡಿಯ ವಾಲುಯೆವ್‌ನನ್ನು ಹೊರಗೆ ಸುತ್ತುತ್ತಲೇ ಸೋಲಿಸಿದ. ಹೇಯ್ ಸುಮಾರು 99 ಕಿಲೋ, ಅವನು 143. ಹೆಚ್ಚು ಹೊಡೆಯಲೂ ಇಲ್ಲ. ಒಂದು ಹೊಡೆತ, ಪಕ್ಕಕ್ಕೆ ಎರಡು ಹೆಜ್ಜೆ. ನೋಡೋಕೆ ಬೇಜಾರು, ಬೆಲ್ಟ್ ಮಾತ್ರ ಬಂತು. ವಾಲುಯೆವ್ ಪಾದ ನಿಧಾನ, ತಿರುಗೋ ಹೊತ್ತಿಗೆ ಎದುರಾಳಿ ಅಲ್ಲಿರ್ತಿರಲಿಲ್ಲ. ಎದುರಾಳಿಯ ಎತ್ತರಕ್ಕಿಂತ ಅವನ ಪಾದ ನೋಡಿ ಯೋಜನೆ ಹಾಕಿ ಅನ್ನೋದು ಅದಕ್ಕೇ.

ಇನ್ನೊಂದು ಅಪಾಯ ಅಂದರೆ ಕೆಳಗಿಂದ ಗದ್ದಕ್ಕೆ ಎತ್ತಿ ಹೊಡೆಯುವ ಅಪ್ಪರ್‌ಕಟ್. 5 ಅಡಿ 11½ ಇಂಚಿನ ಜೋ ಫ್ರೇಜಿಯರ್ 1971ರಲ್ಲಿ ಬಾಗಿ ಬಾಗಿ ಒಳಗೆ ನುಗ್ಗಿ ಮೊಹಮ್ಮದ್ ಅಲಿಯನ್ನು 15ನೇ ರೌಂಡಿನಲ್ಲಿ ಎಡ ಹುಕ್‌ನಿಂದ ಕೆಡವಿದ. ಅದೇ ಬಾಗುವ ಶೈಲಿ 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಫೋರ್‌ಮನ್ ಮುಂದೆ ಎರಡೇ ರೌಂಡಿನಲ್ಲಿ ಅವನಿಗೆ ಆರು ಸಲ ನೆಲ ತೋರಿಸಿತು. ಫೋರ್‌ಮನ್ ಎರಡೂ ಕೈಯಿಂದ ದೂಡಿ ದೂರ ಇಡ್ತಿದ್ದ, ಮತ್ತೆ ಬಾಗಿ ಬಂದಾಗ ಕೆಳಗಿಂದ ಎತ್ತಿ ಹೊಡೀತಿದ್ದ. ಅಲಿ ಎತ್ತರವೂ ಫೋರ್‌ಮನ್ ಎತ್ತರವೂ ಹೆಚ್ಚುಕಡಿಮೆ ಒಂದೇ, ನೆನಪಿರಲಿ. ಒಂದೇ ಲಯದಲ್ಲಿ ಬಾಗಬೇಡಿ, ಸೊಂಟದಿಂದಂತೂ ಬೇಡವೇ ಬೇಡ.

5 ಅಡಿ 10 ಇಂಚಿನ ಮೈಕ್ ಟೈಸನ್ ಕೂಡ 1987ರಲ್ಲಿ 6 ಅಡಿ 5 ಇಂಚಿನ ಟೋನಿ ಟಕರ್‌ನನ್ನು ಗೆದ್ದಾಗ ತಲೆ ಒಂದು ಕಡೆ ನಿಲ್ತಿರಲಿಲ್ಲ. 1990ರಲ್ಲಿ ಟೋಕಿಯೋದಲ್ಲಿ ಡಗ್ಲಸ್ ಮುಂದೆ ಆ ಚಲನೆ ಕಾಣಲಿಲ್ಲ. ಇಡೀ ರಾತ್ರಿ ಜ್ಯಾಬ್ ತಿಂದ, 10ನೇ ರೌಂಡಿನಲ್ಲಿ ಅಪ್ಪರ್‌ಕಟ್ ಬಿತ್ತು.

ಎಡಹುಕ್:
ಅಭ್ಯಾಸಕ್ಕೆ ದೊಡ್ಡ ಸಾಮಾನೇನೂ ಬೇಡ. ನಿಮ್ಮ ಭುಜದ ಮಟ್ಟಕ್ಕೆ ಉದ್ದಕ್ಕೆ ಒಂದು ಹಗ್ಗ ಕಟ್ಟಿ. ಮೂರು ನಿಮಿಷ ಅದರ ಅಡಿಯಲ್ಲಿ ಆಚೆ ಈಚೆ ನುಸುಳುತ್ತಾ ಮುಂದೆ ಹೋಗಿ, ಮತ್ತೆ ಹಿಂದಕ್ಕೆ ಬನ್ನಿ. ಬಗ್ಗಬೇಕಾದ್ದು ಮೊಣಕಾಲು, ಕಣ್ಣು ಎದುರಿಗೆ. ನೆಲ ಕಾಣಿಸ್ತಿದ್ದರೆ ತಪ್ಪು ಮಾಡ್ತಿದ್ದೀರಿ ಅಂತ. ಪಂಚಿಂಗ್ ಬ್ಯಾಗ್‌ಗೆ ಎರಡು ಟೇಪ್ ಅಂಟಿಸಿ, ಒಂದು ಎದುರಾಳಿಯ ಗದ್ದದ ಎತ್ತರಕ್ಕೆ (6 ಅಡಿ 9 ಇಂಚಿನವನಿಗೆ ಸುಮಾರು 6 ಅಡಿ, ನಿಲುವಿನಲ್ಲಿ ಒಂದೆರಡು ಇಂಚು ಕೆಳಗೆ), ಇನ್ನೊಂದು ಹೊಟ್ಟೆಗೆ. ಮೇಲಕ್ಕೆ ಒಂದು ಹೊಡೆದರೆ ಕೆಳಕ್ಕೆ ಮೂರು.

ರಿಂಗ್_ಬದಿ:
ತುಂಬಾ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ. ಒರಗೋರನ್ನು ತಡೆಯೋಕೆ ತೂಕ ಹೆಚ್ಚಿಸಿಕೊಂಡರೆ?

ಮೂಲೆ_ಸ್ಟೂಲ್:
ಮಾಡಬೇಡಿ. ಆ್ಯಂಡಿ ರೂಯಿಸ್ 2019ರ ಜೂನ್‌ನಲ್ಲಿ 268 ಪೌಂಡ್ ಇದ್ದಾಗ 6 ಅಡಿ 6 ಇಂಚಿನ ಜೋಶುವಾನನ್ನು ನಾಲ್ಕು ಸಲ ಕೆಡವಿದ. ಅದಕ್ಕೆ ಜೋಶುವಾನೂ ಕಾರಣ, ರೂಯಿಸ್‌ನನ್ನು ಒಮ್ಮೆ ಬೀಳಿಸಿದ ಹುಮ್ಮಸ್ಸಿನಲ್ಲಿ ಹತ್ತಿರ ನಿಂತು ಬಡಿದಾಡಿದ. ಡಿಸೆಂಬರ್‌ನಲ್ಲಿ ರೂಯಿಸ್ 283 ಪೌಂಡ್ ಆಗಿ ಬಂದ, ಜೋಶುವಾ ಜ್ಯಾಬ್ ಹಾಕಿ ಸುತ್ತುತ್ತಲೇ ಹೋದ, ರೂಯಿಸ್‌ಗೆ ಹನ್ನೆರಡು ರೌಂಡೂ ಅವನ ಹಿಂದೆ ಹಿಂದೆ ನಡೆದದ್ದಷ್ಟೇ ಬಂತು. ಉಸಿಕ್ 2024ರ ಡಿಸೆಂಬರ್ ಪಂದ್ಯದಲ್ಲಿ 226 ಪೌಂಡ್, ಫ್ಯೂರಿ 281. 55 ಪೌಂಡ್ ಕಡಿಮೆ ಇದ್ದವನೇ ಕೊನೆಯ ರೌಂಡಿನಲ್ಲೂ ಕಾಲಿನ ಮೇಲೆ ಕುಣೀತಿದ್ದ. ಕುತ್ತಿಗೆ ಮತ್ತು ತೊಡೆ ಗಟ್ಟಿ ಮಾಡಿಕೊಳ್ಳಿ, ತಕ್ಕಡಿಯ ಮುಳ್ಳನ್ನು ಅದರ ಪಾಡಿಗೆ ಬಿಡಿ.