ಊರಿಗೆ ಬಂದರೆ ಮಕ್ಕಳಿಗೆ ಆ ನಂಬಿಕೆ ಸಿಗುತ್ತದಾ?

ಅಕ್ಕಾ, ಹೊರದೇಶ ಬಿಟ್ಟು ಮಣಿಪಾಲದಲ್ಲಿ ಫ್ಲ್ಯಾಟ್ ತೆಗೆದುಕೊಂಡು ಬಂದರೆ ಮಕ್ಕಳು ನಮ್ಮ ಹಾಗೆ ನೆರೆಕರೆಯವರನ್ನು ನಂಬಿ ಬೆಳೆಯುತ್ತಾರಾ ಅಂತ ಕೇಳಿದ್ದೀರಿ. ನಾವು ಜರ್ಮನಿಯಿಂದ ವಾಪಸ್ ಬಂದು ಉಡುಪಿ ಕಡೆಯ ಶಂಕರಪುರದ ಹತ್ತಿರ ಮನೆ ಮಾಡಿದವರು, ಕಂಡದ್ದನ್ನು ಹೇಳುತ್ತೇನೆ. ಬರೀ ಊರಿಗೆ ಬಂದರೆ ಸಾಲದು. ಮಕ್ಕಳ ಕೈಗೆ ಕೆಲಸವೂ ಲೆಕ್ಕವೂ ಬರಬೇಕು.

ನಮ್ಮ ಪಕ್ಕದ ಮನೆಯವರದ್ದು ಮಲ್ಲಿಗೆ ಕೃಷಿ. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹೂ ಕೊಳ್ಳುವ ಕಟ್ಟೆಯಲ್ಲಿ ಯಾರೂ ಅದನ್ನು ಬಿಡಿಸಿ ಎಣಿಸುವುದಿಲ್ಲ, ಅಷ್ಟು ಪುರುಸೊತ್ತೂ ಇಲ್ಲ. ರೇಟು ದಿನಾ ಬದಲಾಗುತ್ತದೆ, ಕಟ್ಟಲು ಕೂತಾಗ ಆ ದಿನದ್ದು ಗೊತ್ತಿರುವುದಿಲ್ಲ. ಹೂ ಕೊಟ್ಟು ಪುಸ್ತಕದಲ್ಲಿ ಬರೆಸಿ ಬರುತ್ತಾರೆ, ದುಡ್ಡು ಆಮೇಲೆ. ಒಮ್ಮೆ ನನ್ನ ಮಗಳು ಆ ಮನೆಯ ಅಜ್ಜಿಯ ಜೊತೆ ಕಟ್ಟಲು ಕೂತಿದ್ದಳು. ಕೊನೆಯ ಚೆಂಡಿಗೆ ಒಂದಿಷ್ಟು ಹೂ ಕಮ್ಮಿ ಬಿತ್ತು. "ಯಾರಿಗೆ ಗೊತ್ತಾಗ್ತದೆ ಅಜ್ಜೀ?" ಅಂದಳು. ಅಜ್ಜಿ ಬೈಯಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. "ಹೋಗಿ ಗಿಡದಲ್ಲಿ ನೋಡು, ಬಿಟ್ಟು ಹೋದ ಮೊಗ್ಗು ಇರ್ತದೆ" ಅಂದರು. ಅವಳು ಬಿಸಿಲಿನಲ್ಲಿ ಗಿಡಗಿಡ ಹುಡುಕಿ ಕೊಯ್ದು ತಂದಳು. ನಾನು ವರ್ಷವಿಡೀ ಹೇಳಿದ್ದರೂ ಅವಳಿಗೆ ಅಷ್ಟು ನಾಟುತ್ತಿರಲಿಲ್ಲ.

ದೂರದಲ್ಲಿದ್ದಾಗ ಊರಿನ ನಂಬಿಕೆ ಅಂದರೆ ಲೆಕ್ಕಪತ್ರವೇ ಇಲ್ಲದ್ದು ಅಂತ ಅನಿಸುತ್ತದೆ. ಆದರೆ ಹಾಗಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಯೋಜನೆ ಶುರು ಮಾಡಿತು. ಏಜೆಂಟರು ಮನೆ ಬಾಗಿಲಿಗೇ ಬಂದು ಎರಡಾಣೆಯಂಥ ಸಣ್ಣ ಮೊತ್ತವನ್ನೂ ದಿನಾ ಕಟ್ಟಿಸಿಕೊಳ್ಳುತ್ತಿದ್ದರು. ಜನ ನಂಬಿ ಕೊಟ್ಟರು, ಅವರು ಬರೆದುಕೊಂಡು ಹೋದರು. ಎರಡೂ ಇದ್ದದ್ದಕ್ಕೇ ಅದು ಬಾಳಿತು.

ಇನ್ನೊಂದನ್ನು ಹೇಳದೇ ಇರಲಾರೆ. ನಮ್ಮೂರಲ್ಲಿ ಗುರುತಿನವರಿಗೆ ಸಿಗುವ ನಂಬಿಕೆ, ಕೆಲಸಕ್ಕೆ ಬಂದ ಬೇರೆ ರಾಜ್ಯದ ಹುಡುಗರಿಗೆ ಸಿಗುವುದು ಕಷ್ಟ. ಬೇರೆ ಧರ್ಮದವರು ಬಾಡಿಗೆ ಮನೆ ಕೇಳಿದಾಗ ಎಷ್ಟೋ ಕಡೆ ಮಾತೇ ಬದಲಾಗುತ್ತದೆ. ನನಗೆ ಇದು ತುಂಬಾ ನೋವಿನ ಸಂಗತಿ. ಜರ್ಮನಿಯಲ್ಲಿ ರಸ್ತೆ ಬದಿಯ ಹೂವಿನ ಹೊಲದಲ್ಲಿ ಗುರುತು ಪರಿಚಯ ಇಲ್ಲದವರೂ ಹೂ ಕೊಯ್ದು, ಅಲ್ಲಿಟ್ಟ ಡಬ್ಬಿಗೆ ದುಡ್ಡು ಹಾಕಿ ಹೋಗುತ್ತಿದ್ದರು, ಕಾಯಲು ಯಾರೂ ಇರುತ್ತಿರಲಿಲ್ಲ. ಮಕ್ಕಳು ಅಲ್ಲಿ ಕಂಡ ಅದನ್ನು ಇಲ್ಲಿ ಬಂದು ಮರೆಯಬಾರದು.

ಫ್ಲ್ಯಾಟೇ ಆಗಲಿ, ಹತ್ತಿರದ ದಿನಸಿ ಅಂಗಡಿಯಲ್ಲಿ ತಿಂಗಳ ಲೆಕ್ಕ ಇಡಿ. ಸಾಮಾನಿಗೆ ಮಗನನ್ನೇ ಕಳಿಸಿ, ತಿಂಗಳ ಕೊನೆಗೆ ಲೆಕ್ಕ ಕೂಡಿಸಿ ದುಡ್ಡು ಕೊಡುವುದೂ ಅವನೇ ಆಗಲಿ. ಅಮ್ಮನ ಮನೆಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಏನಾದರೂ ಕಳಿಸುವುದಿದ್ದರೆ ಸ್ಟಾಪಿಗೆ ಅವನನ್ನೂ ಕರಕೊಂಡು ಹೋಗಿ. ಶಾಲೆ, ಫೀಸು ಇವೆಲ್ಲ ಆಮೇಲೆ ಮಾತಾಡುವ. ನಿಶ್ಚಯ ಮಾಡುವ ಮೊದಲು ಈಸ್ಟರ್ ರಜೆಗೆ ಮಕ್ಕಳನ್ನು ಕರಕೊಂಡು ಬನ್ನಿ, ನಮ್ಮಲ್ಲೇ ಉಳಿಯಬಹುದು. ಅಜ್ಜಿಗೂ ಹೂ ಕಟ್ಟಲು ಜನ ಬೇಕು.